ಮಕ್ಕಳಿಂದ ಕಲಿತ ಗುರು: ಮರಿಯಾ ಮಾಂಟೆಸ್ಸೋರಿ

ಶಿಶುವಿಹಾರಗಳ ಫಲಕದ ಮೇಲೆ ಮಾಂಟೆಸ್ಸೋರಿ ಎಂಬ ಪದವನ್ನು ನೀವು ಓದಿರುತ್ತೀರಿ. ಅದು ಶಾಲೆಯ ಒಂದು ಬಗೆ ಎಂದೇ ನಮ್ಮಲ್ಲಿ ಅನೇಕರ ಭಾವನೆ. ನಿಜವಾಗಿ ಅದು ಒಬ್ಬ ಮಹಿಳೆಯ ಹೆಸರು. ಕಥೋಲಿಕ ಕುಟುಂಬದಲ್ಲಿ ಹುಟ್ಟಿದ ಅವರು ನಮ್ಮ ದೇಶದಲ್ಲಿ ಹಲವು ವರ್ಷ ಬಾಳಿದವರು. ಲೋಕದ ಮಕ್ಕಳಿಗೆಲ್ಲ ದಾರಿ ತೋರಿಸಿದ ಅವರಿಗೆ ಸ್ವಂತ ಮಗುವನ್ನು ಮಡಿಲಲ್ಲಿಟ್ಟು ಬೆಳೆಸುವ ಭಾಗ್ಯ ಮಾತ್ರ ಇರಲಿಲ್ಲ.

ಮರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯಾರವಾಲ್ಲೆ ಎಂಬ ಊರಿನಲ್ಲಿ. ಹೆಣ್ಣುಮಕ್ಕಳು ವೈದ್ಯಕೀಯ ಓದುವುದು ಅಪರೂಪವಾಗಿದ್ದ ಕಾಲವದು. ತಂದೆಗೆ ಮಗಳ ಹಟ ಒಪ್ಪಿಗೆಯಾಗಲಿಲ್ಲ. ತಾಯಿ ರೆನಿಲ್ದೆ ಮಾತ್ರ ಬೆನ್ನಿಗೆ ನಿಂತರು. 1896ರಲ್ಲಿ ಮರಿಯಾ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯೆಯಾಗಿ ಹೊರಬಂದರು.

ಬುದ್ಧಿಮಾಂದ್ಯರೆಂದು ಸಮಾಜ ಮೂಲೆಗೆ ತಳ್ಳಿದ್ದ ಮಕ್ಕಳ ನಡುವೆ ಅವರ ಕೆಲಸ ಆರಂಭವಾಯಿತು. ಇತಾರ್ ಮತ್ತು ಸೆಗ್ವಿನ್ ಎಂಬ ಫ್ರೆಂಚ್ ವೈದ್ಯರ ಬರಹಗಳನ್ನು ಓದಿ, ಮುಟ್ಟಿ, ಜೋಡಿಸಿ, ಹೋಲಿಸಿ ಕಲಿಯುವ ಸಾಮಗ್ರಿಗಳನ್ನು ಅವರು ಸಿದ್ಧಪಡಿಸಿದರು. ಆ ಮಕ್ಕಳಲ್ಲಿ ಕೆಲವರು ಸಾಮಾನ್ಯ ಮಕ್ಕಳ ಪರೀಕ್ಷೆಯಲ್ಲೇ ತೇರ್ಗಡೆಯಾದರು. ಎಲ್ಲರೂ ಕೊಂಡಾಡುತ್ತಿದ್ದಾಗ ಮರಿಯಾರನ್ನು ಬೇರೊಂದು ಪ್ರಶ್ನೆ ಕಾಡಿತು: ಈ ಮಕ್ಕಳು ಇಷ್ಟು ಕಲಿಯಬಲ್ಲರಾದರೆ, ಆರೋಗ್ಯವಂತ ಮಕ್ಕಳನ್ನು ನಮ್ಮ ಶಾಲೆಗಳು ಏಕೆ ಇಷ್ಟು ಹಿಂದೆ ಇಟ್ಟಿವೆ?

ಇದೇ ಕಾಲದಲ್ಲಿ ಅವರ ಬಾಳಿಗೆ ದೊಡ್ಡ ನೋವೊಂದು ಬಂತು. ಸಹೋದ್ಯೋಗಿ ವೈದ್ಯರೊಬ್ಬರೊಂದಿಗಿನ ಪ್ರೀತಿಯಿಂದ 1898ರಲ್ಲಿ ಮಾರಿಯೋ ಎಂಬ ಮಗ ಹುಟ್ಟಿದ. ಮದುವೆ ನಡೆಯಲಿಲ್ಲ. ಮಗುವನ್ನು ಹಳ್ಳಿಯ ಒಂದು ಕುಟುಂಬದ ಕೈಗೆ ಒಪ್ಪಿಸಲಾಯಿತು. ತಾಯಿ ಆಗಾಗ ಹೋಗಿ ನೋಡಿ ಬರುತ್ತಿದ್ದರು, ಆದರೆ ತಾನು ಯಾರೆಂದು ಹೇಳುವಂತಿರಲಿಲ್ಲ. ಅವರ ಬಗ್ಗೆ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಲೋಕದ ಮಾತಿಗೆ ಅಂಜಿ ಒಂದು ತಾಯಿ-ಮಗುವನ್ನು ದೂರ ಮಾಡುವ ಸಮಾಜದಲ್ಲಿ ನಾವೂ ಇದ್ದೇವಲ್ಲವೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

1907ರ ಜನವರಿ 6, ಮೂರು ರಾಜರ ಹಬ್ಬದ ದಿನ. ರೋಮ್ ನಗರದ ಸ್ಯಾನ್ ಲೊರೆನ್ಸೊ ಬಡವರ ಕೇರಿ. ತಂದೆ ತಾಯಿ ಕೂಲಿಗೆ ಹೋದಾಗ ಮಕ್ಕಳು ಹೊಸದಾಗಿ ದುರಸ್ತಿಯಾದ ಕಟ್ಟಡದ ಗೋಡೆಗಳನ್ನು ಹಾಳುಮಾಡುತ್ತಿದ್ದರು. ಅವರನ್ನು ಒಂದು ಕೋಣೆಯಲ್ಲಿ ಕೂಡಿಹಾಕಿದರೆ ಸಾಕೆಂಬುದೇ ಕಟ್ಟಡದ ಮಾಲೀಕರ ಯೋಚನೆ. ಆ ಕೋಣೆಯೇ ಮಕ್ಕಳ ಮನೆಯಾಯಿತು. ಮಕ್ಕಳ ಎತ್ತರಕ್ಕೆ ತಕ್ಕ ಮೇಜು ಕುರ್ಚಿ, ಅವರ ಕೈಗೆಟಕುವ ಕಪಾಟು ಬಂದವು.

ಅಲ್ಲಿ ಮರಿಯಾ ಸುಮ್ಮನೆ ನೋಡುತ್ತ ಕುಳಿತರು. ಮೂರು ವರ್ಷದ ಒಬ್ಬ ಬಾಲೆ ಮರದ ಗುಂಡುಗಳನ್ನು ತಕ್ಕ ಕುಳಿಗಳಲ್ಲಿ ಕೂರಿಸುತ್ತಿದ್ದಳು. ಸುತ್ತ ಮಕ್ಕಳು ಹಾಡಿದರೂ, ಕುರ್ಚಿಯ ಸಮೇತ ಅವಳನ್ನು ಎತ್ತಿ ಮೇಜಿನ ಮೇಲಿಟ್ಟರೂ ಅವಳ ಗಮನ ಕದಲಲಿಲ್ಲ. ನಲವತ್ತಕ್ಕೂ ಹೆಚ್ಚು ಬಾರಿ ಅದನ್ನೇ ಮಾಡಿ, ನಿದ್ದೆಯಿಂದೆದ್ದವಳಂತೆ ನಗುಮುಖದಿಂದ ತಲೆಯೆತ್ತಿದಳು. ಗುಂಡು ತಪ್ಪಾಗಿ ಕೂತರೆ ಕೊನೆಗೆ ಒಂದು ಉಳಿದುಬಿಡುತ್ತಿತ್ತು. ತಪ್ಪನ್ನು ತೋರಿಸಲು ಶಿಕ್ಷಕಿಯ ಬೆತ್ತ ಬೇಕಿರಲಿಲ್ಲ. ಇನ್ನೊಂದು ದಿನ ಕರವಸ್ತ್ರದಲ್ಲಿ ಮೂಗು ಒರೆಸಿಕೊಳ್ಳುವುದು ಹೇಗೆಂದು ಮರಿಯಾ ತೋರಿಸಿಕೊಟ್ಟಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಸಿಂಬಳಕ್ಕಾಗಿ ದಿನವೂ ಬೈಸಿಕೊಳ್ಳುತ್ತಿದ್ದ ಅವರಿಗೆ ಅವಮಾನ ಮಾಡದೆ ಕಲಿಸಿದವರು ಅದುವರೆಗೆ ಯಾರೂ ಇರಲಿಲ್ಲ!

ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಮಗು ಖಾಲಿ ಕೊಡ, ಗುರು ತುಂಬಿಸುವವನು ಎಂಬುದು ಹಳೆಯ ನಂಬಿಕೆ. ಬಹುಮಾನ, ಶಿಕ್ಷೆಗಳಿಂದ ನಡತೆಯನ್ನು ತಿದ್ದಬಹುದೆಂದು ವರ್ತನಾವಾದಿಗಳು ಹೇಳಿದರು. ಮರಿಯಾ ಕಂಡದ್ದೇ ಬೇರೆ: ಮಗು ತನ್ನ ಅರಿವನ್ನು ತಾನೇ ಕೈಯಾರೆ ಕಟ್ಟಿಕೊಳ್ಳುತ್ತದೆ. ಮುಂದೆ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಈ ವಿಚಾರವನ್ನು ಶಾಸ್ತ್ರೀಯವಾಗಿ ಬೆಳೆಸಿದರು. ಅವರು ಆ ದೇಶದ ಮಾಂಟೆಸ್ಸೋರಿ ಸಂಘದ ಅಧ್ಯಕ್ಷರೂ ಆಗಿದ್ದರು. ಮಗು ಇತರರ ಒಡನಾಟದಲ್ಲಿ, ಮಾತಿನ ಆಸರೆಯಲ್ಲಿ ಬೆಳೆಯುತ್ತದೆಂದು ರಷ್ಯದ ವೈಗೋಟ್ಸ್ಕಿ ಒತ್ತಿ ಹೇಳಿದರು. ಇದನ್ನೇ ಇಂದು ರಚನಾವಾದ ಎನ್ನುತ್ತಾರೆ. ನಮ್ಮ ದೇಶದ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಈ ದಾರಿಯನ್ನೇ ಹಿಡಿಯಿತು. ಮರಿಯಾರನ್ನು ಎಲ್ಲರೂ ಒಪ್ಪಿದರೆಂದಲ್ಲ. 1914ರಲ್ಲಿ ಅಮೆರಿಕದ ಕಿಲ್‌ಪ್ಯಾಟ್ರಿಕ್ ಅವರ ಪದ್ಧತಿಯನ್ನು ಕಟುವಾಗಿ ಟೀಕಿಸಿದರು. ಸಾಮಗ್ರಿಗಳು ಮಗುವಿನ ಕಲ್ಪನೆಗೆ ಕಡಿಮೆ ಅವಕಾಶ ಕೊಡುತ್ತವೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ.

ವಿಶ್ವಾಸದ ವಿಷಯದಲ್ಲೂ ಅವರು ಮಗುವಿನ ಕೈಯನ್ನು ಮರೆಯಲಿಲ್ಲ. ಮೆಸ್ಸೀನ ಭೂಕಂಪದಲ್ಲಿ ಅನಾಥರಾದ ಮಕ್ಕಳಿಗಾಗಿ ರೋಮಿನ ಫ್ರಾನ್ಸಿಸ್ಕನ್ ಕನ್ಯಾಸ್ತ್ರೀಯರ ಮಠದಲ್ಲಿ ಅವರ ಶಾಲೆ ನಡೆಯಿತು. ಬಾರ್ಸಿಲೋನಾದಲ್ಲಿ ಮಕ್ಕಳಿಗೆಂದೇ ಪುಟ್ಟ ಪ್ರಾರ್ಥನಾ ಮಂದಿರ ಸಿದ್ಧವಾಯಿತು. ಬಲಿಪೂಜೆಯ ರೊಟ್ಟಿ ಮತ್ತು ದ್ರಾಕ್ಷಾರಸಕ್ಕಾಗಿ ಅಲ್ಲಿನ ಮಕ್ಕಳು ತಾವೇ ಗೋಧಿ, ದ್ರಾಕ್ಷಿ ಬೆಳೆದರು. ಬಾಯಿಪಾಠದ ಧರ್ಮೋಪದೇಶಕ್ಕೂ ಇದಕ್ಕೂ ಇರುವ ಅಂತರವನ್ನು ನೀವೇ ಅಳೆಯಿರಿ.

1912ರ ಕೊನೆಯಲ್ಲಿ ಮರಿಯಾರ ತಾಯಿ ತೀರಿಕೊಂಡರು. ಆಮೇಲೆ, ಸುಮಾರು ಹದಿನೈದರ ಹರೆಯದಲ್ಲಿ, ಮಾರಿಯೋ ಅಮ್ಮನ ಬಳಿಗೆ ಬಂದ. ಮತ್ತೆ ಅವರನ್ನು ಬಿಡಲಿಲ್ಲ. ಆದರೂ ಬಹುಕಾಲ ಲೋಕದ ಮುಂದೆ ಅವನು ಸೋದರಳಿಯನೆಂದೇ ಗುರುತಿಸಿಕೊಳ್ಳಬೇಕಾಯಿತು. ಮುಸ್ಸೊಲಿನಿಯ ಆಡಳಿತದೊಂದಿಗೆ ಮನಸ್ತಾಪವಾಗಿ ಮರಿಯಾ 1934ರಲ್ಲಿ ಇಟಲಿ ತೊರೆದರು. 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಬಾರ್ಸಿಲೋನಾದಿಂದಲೂ ಅವರನ್ನು ಎಬ್ಬಿಸಿತು.

1939ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ತಾಯಿ ಮಗ ಮದರಾಸಿನ ಅಡಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿಯಿತು. ಶತ್ರುದೇಶದವನೆಂದು ಬ್ರಿಟಿಷ್ ಸರ್ಕಾರ ಮಾರಿಯೋನನ್ನು ಶಿಬಿರದಲ್ಲಿಟ್ಟಿತು. ಆಗಸ್ಟ್ 31, ಮರಿಯಾರಿಗೆ 70 ತುಂಬಿದ ದಿನ. ವೈಸ್‌ರಾಯ್ ಅವರಿಂದ ತಂತಿ ಬಂತು: ಹುಟ್ಟುಹಬ್ಬದ ಉಡುಗೊರೆಯಾಗಿ ಮಗನ ಬಿಡುಗಡೆ! ಸೋದರಳಿಯನೆಂದು ಮುಚ್ಚಿಡಬೇಕಾಗಿದ್ದ ಸಂಬಂಧ ಅಂದು ಮಗನೆಂಬ ಹೆಸರಿನಲ್ಲೇ ಅವರ ಕೈಸೇರಿತು. ಕೊಡೈಕೆನಾಲಿನಲ್ಲೂ ಇತರೆಡೆಯೂ ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ತಾಯಿ ಮಗ ಕೂಡಿ ತರಬೇತಿಗೊಳಿಸಿದರು. ಮರಿಯಾ 1952ರ ಮೇ 6ರಂದು ಹಾಲೆಂಡಿನ ನೋರ್ಡ್‌ವೈಕ್‌ನಲ್ಲಿ ತೀರಿಕೊಂಡರು. ಅಲ್ಲಿನ ಕಥೋಲಿಕ ಸಮಾಧಿಭೂಮಿಯಲ್ಲಿ ಅವರ ಸಮಾಧಿಯಿದೆ.

ತಂದೆ ತಾಯಂದಿರೇ, ನಾಳೆ ಬೆಳಿಗ್ಗೆ ನಿಮ್ಮ ಮಗು ಅಂಗಿಯ ಗುಂಡಿ ಹಾಕಲು ತಿಣುಕಾಡುವಾಗ, ಹೊತ್ತಾಯಿತೆಂದು ಅದರ ಕೈ ಸರಿಸಿ ನೀವೇ ಹಾಕಿಬಿಡಬೇಡಿ. ಒಂದೆರಡು ನಿಮಿಷ ಕಾಯಿರಿ. ಯೇಸುಸ್ವಾಮಿ ಒಂದು ಮಗುವನ್ನು ಶಿಷ್ಯರ ನಡುವೆ ನಿಲ್ಲಿಸಿದ್ದು ಅದಕ್ಕೆ ಬುದ್ಧಿ ಹೇಳಲಿಕ್ಕಲ್ಲ, ದೊಡ್ಡವರು ಅದನ್ನು ನೋಡಿ ಕಲಿಯಲಿ ಎಂದು.