ಹಾಳುಬಿದ್ದ ನಗರವನ್ನು ಎತ್ತಿ ನಿಲ್ಲಿಸುವ ಬಗೆ: ಸರ್ ಎಂ.ವಿ. ತೋರಿದ ದಾರಿ

ಭಾರತರತ್ನ ಸರ್ ಎಂ. ವಿಶ್ವೇಶ್ವರಯ್ಯ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕನ್ನಂಬಾಡಿ ಕಟ್ಟೆ. ಆದರೆ ಶಿಥಿಲ ಕಟ್ಟಡಗಳ ಭೀತಿಯಲ್ಲೇ ಮಳೆಗಾಲ ಕಳೆಯುವ ಠಾಣೆ, ಡೊಂಬಿವಲಿ, ಕಲ್ಯಾಣ್ ಪರಿಸರದ ಕನ್ನಡಿಗರು ಅವರ ಬದುಕಿನ ಇನ್ನೊಂದು ಅಧ್ಯಾಯವನ್ನೂ ಅರಿಯಬೇಕಾಗಿದೆ.

ಚಿಕ್ಕಬಳ್ಳಾಪುರ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ನಾಸಿಕ್, ಧುಳೆ, ಸಕ್ಕರ್, ಪುಣೆ ಮುಂತಾದೆಡೆ ದುಡಿದರು. ಊರಿಗೆ ಶುದ್ಧ ನೀರು, ಕೊಳಚೆ ಹರಿಯಲು ಚರಂಡಿ ಒದಗಿಸುವುದೇ ಅವರ ಮುಖ್ಯ ಕಾಯಕವಾಯಿತು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರ ಧ್ವಂಸವಾಯಿತು. ಸಾವಿರಾರು ಮಂದಿ ಪ್ರಾಣ ಕಳೆದುಕೊಂಡರು. ಮರುವರ್ಷ ನಿಜಾಮ ಸರಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಪ್ರವಾಹ ತಡೆಗೆ ಜಲಾಶಯಗಳ ಯೋಜನೆ ರೂಪಿಸಿದ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ನದಿ ದಡದ ಸುಧಾರಣೆ, ಉದ್ಯಾನ, ಒಳಚರಂಡಿಗೂ ಸಲಹೆ ನೀಡಿದರು. 1912ರಲ್ಲಿ ಅಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ಮಂಡಳಿ ಕಿಕ್ಕಿರಿದ ಕೊಳಕು ಕೇರಿಗಳನ್ನು ತೆರವುಗೊಳಿಸಿ ರಸ್ತೆ ಅಗಲಿಸಿತು. ಬಡವರಿಗೆ ಮನೆಗಳನ್ನೂ ಕಟ್ಟಿಸಿತು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಪೂರ್ಣಗೊಂಡವು.

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಅವರು, 1926ರಲ್ಲಿ ಮುಂಬಯಿಯ ಬ್ಯಾಕ್‌ಬೇ ವಿಚಾರಣಾ ಸಮಿತಿಯ ಸದಸ್ಯರಾಗಿಯೂ ಸೇವೆ ಸಲ್ಲಿಸಿದರು. 1955ರಲ್ಲಿ ಭಾರತರತ್ನ ಗೌರವ ಸಂದಿತು. ನೂರು ವರ್ಷ ದಾಟಿದ ಆ ತುಂಬು ಜೀವನ 1962ರ ಎಪ್ರಿಲ್‌ನಲ್ಲಿ ಮುಗಿಯಿತು.

2015ರಲ್ಲಿ ವಾರದ ಅಂತರದಲ್ಲಿ ಠಾಕುರ್ಲಿಯ ಮಾತೃಕೃಪಾ, ನೌಪಾಡಾದ ಕೃಷ್ಣ ನಿವಾಸ ಕಟ್ಟಡಗಳು ಕುಸಿದು ಇಪ್ಪತ್ತರಷ್ಟು ಜೀವಗಳು ಬಲಿಯಾದವು. ಪಾಲಿಕೆಗಳು ಪ್ರತಿವರ್ಷ ಅಪಾಯಕಾರಿ ಕಟ್ಟಡಗಳ ಪಟ್ಟಿ ಪ್ರಕಟಿಸಿ ನೋಟಿಸು ನೀಡುತ್ತವೆ. ಮನೆ ಬಿಟ್ಟರೆ ಹಕ್ಕೇ ಹೋದೀತೆಂಬ ಅಂಜಿಕೆಯಿಂದ ಅನೇಕರು ಕದಲುವುದಿಲ್ಲ. ಠಾಣೆಯ ಕಿಸನ್‌ನಗರದಲ್ಲಿ ಕ್ಲಸ್ಟರ್ ಯೋಜನೆಗೆ 2023ರಲ್ಲಿ ಚಾಲನೆ ದೊರೆಯಿತು. ಕೆಡವುವ ಜತೆಗೆ ಕಟ್ಟಿಕೊಡುವ ಹೊಣೆಯೂ ಸರಕಾರದ್ದೇ ಎಂಬುದನ್ನು ಹೈದರಾಬಾದ್ ನೂರು ವರ್ಷಗಳ ಹಿಂದೆಯೇ ತೋರಿಸಿದೆ. ನಿವಾಸಿಗಳೂ ತಮ್ಮ ಕಟ್ಟಡದ ತಪಾಸಣೆಯನ್ನು ಸಕಾಲದಲ್ಲಿ ಮಾಡಿಸಿಕೊಂಡರೆ ಅದೇ ಆ ಮಹಾನ್ ಚೇತನಕ್ಕೆ ಸಲ್ಲಿಸುವ ನಿಜವಾದ ನಮನ.