ಊರ ಶಾಲೆಗೆ ದಾರಿ ಮಾಡಿದ ದಿವಾನರು



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ನೆನಪಿನ ಸಂಚಿಕೆಗೆ ಹಿರಿಯರೊಬ್ಬರ ಜೀವನ ಚರಿತ್ರೆ ಬರೆದುಕೊಡಿ ಎಂದು ಆಡಳಿತ ಮಂಡಳಿಯವರು ನನಗೆ ಹೇಳಿದರು. ನಾನು ಎಸ್.ಎಸ್.ಎಲ್.ಸಿ. ತನಕ ಓದಿ ನೇಗಿಲು ಹಿಡಿದವನು, ತಪ್ಪಿದ್ದರೆ ತಿದ್ದಿಕೊಂಡು ಓದಬೇಕು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೇಳಿದರೆ ಎಲ್ಲರಿಗೂ ಕನ್ನಂಬಾಡಿ ಕಟ್ಟೆ ಜ್ಞಾಪಕಕ್ಕೆ ಬರುತ್ತದೆ. ಆದರೆ ಕನ್ನಂಬಾಡಿ ನೀರು ನಮ್ಮ ಮುಳಬಾಗಿಲು ತಾಲ್ಲೂಕಿನ ಒಂದು ಗುಂಟೆಯನ್ನೂ ನೆನೆಸಲಿಲ್ಲ. ನಮ್ಮಂಥ ಬಯಲು ಸೀಮೆಯವರಿಗೆ ಆ ಮಹನೀಯರಿಂದ ಬಂದದ್ದು ಬೇರೆ ಒಂದು ನೀರು. ಅದು ಊರ ಶಾಲೆ. ಅದರ ಮೇಲೇ ನಾಲ್ಕು ಮಾತು ಬರೆಯುತ್ತೇನೆ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಆ ಊರು ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದರೂ 2007ರ ತನಕ ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು, ಆದ್ದರಿಂದ ಅವರು ನಮ್ಮ ಜಿಲ್ಲೆಯವರೇ ಎಂದು ಹೆಮ್ಮೆ ಪಡಬಹುದು. ಅವರ ಪೂರ್ವಿಕರು ಆಂಧ್ರದ ಮೋಕ್ಷಗುಂಡಂನಿಂದ ಬಂದವರು. ಮನೇಲಿ ತೆಲುಗು, ಶಾಲೇಲಿ ಕನ್ನಡ ಅನ್ನೋದು ನಮ್ಮ ಕಡೆಯ ಮಕ್ಕಳಿಗೆ ಹೊಸದೇನಲ್ಲ.

ತಂದೆ ಶ್ರೀನಿವಾಸ ಶಾಸ್ತ್ರಿಗಳು ಮಗ ಚಿಕ್ಕವನಿರುವಾಗಲೇ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಮೊದಲ ಓದು ಮುಗಿಸಿ ಬೆಂಗಳೂರಿಗೆ ಹೋದರು. ಸೋದರಮಾವನ ಆಸರೆ ಇದ್ದರೂ ಬೇರೆಯವರ ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಖರ್ಚು ತಾನೇ ನೋಡಿಕೊಂಡು, 1881ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಪಾಸು ಮಾಡಿದರು. ಮೈಸೂರು ಸರ್ಕಾರದ ವಿದ್ಯಾರ್ಥಿ ವೇತನ ಸಿಕ್ಕಿದ್ದರಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿ, 1883ರಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾದರು. ಇಲ್ಲೊಂದು ಮಾತು ಗಮನಿಸಬೇಕು. ಆ ಒಂದು ವಿದ್ಯಾರ್ಥಿ ವೇತನ ಇಲ್ಲದಿದ್ದರೆ ಮುದ್ದೇನಹಳ್ಳಿಯ ಹುಡುಗ ಇಂಜಿನಿಯರ್ ಆಗುತ್ತಲೇ ಇರಲಿಲ್ಲವೋ ಏನೋ. ಮುಂದೆ ಅಧಿಕಾರ ಬಂದಾಗ ಅವರು ಶಾಲೆಗಳಿಗೆ ಅಷ್ಟು ಒತ್ತು ಕೊಟ್ಟದ್ದಕ್ಕೆ ಇದೂ ಒಂದು ಕಾರಣ ಇರಬೇಕು ಎಂದು ನನಗೆ ತೋರುತ್ತದೆ.

1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಸಿಂಧ್ ಪ್ರಾಂತ್ಯದ ಸಕ್ಕರ್ ಊರಿಗೆ ಕುಡಿಯುವ ನೀರು ಕೊಟ್ಟರು. ಪುಣೆ ಹತ್ತಿರದ ಖಡಕ್‌ವಾಸ್ಲಾ ಕಟ್ಟೆಗೆ ತಾನಾಗೇ ತೆರೆದುಕೊಳ್ಳುವ ಗೇಟುಗಳನ್ನು ಮಾಡಿದರು. 1908ರಲ್ಲಿ ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತಾಗ, ಮತ್ತೆ ಹಾಗಾಗದಂತೆ ಯೋಜನೆ ಹಾಕಿಕೊಟ್ಟರು. 1909ರಲ್ಲಿ ಮೈಸೂರಿಗೆ ಮುಖ್ಯ ಇಂಜಿನಿಯರ್ ಆಗಿ ಬಂದರು. 1911ರಲ್ಲಿ ಕನ್ನಂಬಾಡಿ ಕೆಲಸ ಶುರುವಾಯಿತು. ಅದೇ ವರ್ಷ ಮೈಸೂರು ಆರ್ಥಿಕ ಸಮ್ಮೇಳನ ಎಂಬ ಸಂಸ್ಥೆಯೂ ಹುಟ್ಟಿತು. ಬೇಸಾಯ, ಕೈಗಾರಿಕೆ, ವಿದ್ಯೆ ಈ ಮೂರಕ್ಕೂ ಸಮಿತಿಗಳಿದ್ದು, ಅಧಿಕಾರಿಗಳ ಜೊತೆ ಖಾಸಗಿ ಜನರೂ ಕೂತು ಮಾತಾಡುತ್ತಿದ್ದರು.

1912ರ ನವೆಂಬರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ಮಾಡಿದರು. ಆಗ ನಮ್ಮ ಹಳ್ಳಿಗಳ ಸ್ಥಿತಿ ಹೇಗಿತ್ತು? 1868ರಿಂದ ಹೋಬಳಿಗೊಂದು ಶಾಲೆ ಎಂಬ ಏರ್ಪಾಡು ಇತ್ತು. ಕಂದಾಯದ ಜೊತೆ ರೈತ ಕಟ್ಟುತ್ತಿದ್ದ ಸೆಸ್ಸಿನಲ್ಲಿ ಒಂದು ಪಾಲು ಅದಕ್ಕೆ ಹೋಗುತ್ತಿತ್ತು. ಆದರೆ ಹೋಬಳಿಗೊಂದು ಶಾಲೆ ಅಂದರೆ ಸುತ್ತಿನ ಹಳ್ಳಿಯ ಮಗು ಮೂರು ನಾಲ್ಕು ಮೈಲಿ ನಡೀಬೇಕು. ಯಾರು ಕಳಿಸ್ತಾರೆ? 1911ರ ಜನಗಣತಿಯಲ್ಲಿ ಮೈಸೂರು ರಾಜ್ಯದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಆರೇಳು ಮಂದಿ ಮಾತ್ರ. ಕಾಗದ ಬಂದರೆ ಶಾನುಭೋಗರ ಮನೆ ಮುಂದೆ ನಿಲ್ಲಬೇಕು, ಪತ್ರದಲ್ಲಿ ಏನು ಬರೆದಿದೆಯೋ ಗೊತ್ತಿಲ್ಲದೆ ಹೆಬ್ಬೆಟ್ಟು ಒತ್ತಬೇಕು. ಹೀಗೆ ಹೊಲ ಕಳಕೊಂಡವರ ಕಥೆ ನಮ್ಮ ಕಡೆ ಅಜ್ಜಂದಿರು ಹೇಳುತ್ತಿದ್ದರು.

ಬ್ರಿಟಿಷ್ ಇಂಡಿಯಾದಲ್ಲಿ ಗೋಪಾಲಕೃಷ್ಣ ಗೋಖಲೆಯವರು ಕಡ್ಡಾಯ ಶಿಕ್ಷಣದ ಮಸೂದೆಯನ್ನು 1911ರಲ್ಲಿ ತಂದರು, 1912ರಲ್ಲಿ ಅದು ಬಿದ್ದುಹೋಯಿತು. ದೊಡ್ಡ ಸರ್ಕಾರ ಆಗದು ಅಂದ ಕೆಲಸವನ್ನು ಮೈಸೂರು 1913ರಲ್ಲಿ ಕೈಗೆತ್ತಿಕೊಂಡಿತು. ವಿಶ್ವೇಶ್ವರಯ್ಯನವರು ಪ್ರಾಥಮಿಕ ಶಿಕ್ಷಣದ ಕಾಯಿದೆ ತಂದು, ಆಯ್ದ ಕೆಲವು ಕಡೆ ಗಂಡು ಮಕ್ಕಳ ಓದು ಕಡ್ಡಾಯ ಮಾಡಿದರು. ಎಲ್ಲ ಕಡೆ ಒಂದೇ ಸಲಕ್ಕೆ ಮಾಡುವಷ್ಟು ದುಡ್ಡೂ ಇರಲಿಲ್ಲ, ಮೇಷ್ಟ್ರುಗಳೂ ಇರಲಿಲ್ಲ. ದನ ಮೇಯಿಸಲು, ಕಳೆ ಕೀಳಲು ಮಕ್ಕಳ ಕೈಯೇ ಬೇಕಾಗಿದ್ದ ಕಾಲ ಅದು, ಕಾನೂನು ಒಂದರಿಂದಲೇ ಮಕ್ಕಳು ಬರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಅದಕ್ಕೇ ಶಾಲೆಯನ್ನು ಮಗುವಿನ ಹತ್ತಿರಕ್ಕೆ ತಂದರು. ಅವರು ದಿವಾನರಾದಾಗ ರಾಜ್ಯದಲ್ಲಿ ಸುಮಾರು 4,500 ಶಾಲೆಗಳು, 1,40,000 ಮಕ್ಕಳು. ಆರು ವರ್ಷ ಕಳೆದು ಅವರು ಇಳಿಯುವಾಗ ಇನ್ನೂ ಸುಮಾರು 6,500 ಶಾಲೆ ಸೇರಿದ್ದವು, ಮಕ್ಕಳು 3,66,000 ಆಗಿದ್ದರು. ಲೆಕ್ಕ ಹಾಕಿ ನೋಡಿ, ದಿನಕ್ಕೆ ಮೂರು ಶಾಲೆ ಲೆಕ್ಕ ಬೀಳುತ್ತದೆ.

1915ರಲ್ಲಿ ಸರ್ಕಾರಿ ಶಾಲೆಗಳ ಬಾಗಿಲು ದಲಿತ ಮಕ್ಕಳಿಗೂ ತೆರೆಯಬೇಕು ಎಂದು ಸರ್ಕಾರದ ಆಜ್ಞೆ ಆಯಿತು. ಕೆಲವು ಕಡೆ ಮೇಲ್ಜಾತಿಯವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆದರೂ ಆಜ್ಞೆ ನಿಂತಿತು.

1914ರಲ್ಲಿ ಗ್ರಾಮ ಸುಧಾರಣೆ ಯೋಜನೆ ಬಂತು. ಊರಿನವರೇ ಒಂದು ಸಮಿತಿ ಮಾಡಿಕೊಂಡು, ದುಡ್ಡು ಇದ್ದವರು ದುಡ್ಡು, ಇಲ್ಲದವರು ಮೈಕೆಲಸ ಕೊಟ್ಟು, ಮಿಕ್ಕದ್ದಕ್ಕೆ ಸರ್ಕಾರದ ನೆರವು ಪಡೆದು ಬಾವಿ, ರಸ್ತೆ, ಶಾಲೆ ಮಾಡಿಕೊಳ್ಳುವುದು. ಇದರ ಹಿಂದಿನ ತತ್ವ ನಮ್ಮ ಸಹಕಾರ ತತ್ವವೇ ತಾನೆ? 1913ರಲ್ಲಿ ಮೈಸೂರು ಬ್ಯಾಂಕು, ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು. ಕೆಳಗಿನ ಮೆಟ್ಟಿಲು ಕಟ್ಟಿಕೊಂಡೇ ಮೇಲಿನ ಮೆಟ್ಟಿಲು ಕಟ್ಟಿದರು.

ದೊಡ್ಡವರ ಬಗ್ಗೆ ಬರೆಯುವಾಗ ಒಂದು ಕಡೆಯನ್ನೇ ಬರೆಯಬಾರದು. ಸರ್ಕಾರಿ ಕೆಲಸದಲ್ಲಿ ಹಿಂದುಳಿದ ಜಾತಿಗಳಿಗೆ ಪಾಲು ಬೇಕು ಎಂಬ ಕೂಗು ಎದ್ದಾಗ ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರು ಇದನ್ನು ಒಪ್ಪಲಿಲ್ಲ. ಯೋಗ್ಯತೆ ಒಂದನ್ನೇ ನೋಡಬೇಕು, ವಿದ್ಯೆ ಹರಡಿದರೆ ಎಲ್ಲರೂ ಮೇಲೆ ಬರುತ್ತಾರೆ ಎಂಬುದು ಅವರ ನಂಬಿಕೆ. ಆ ವರ್ಷದ ಡಿಸೆಂಬರಿನಲ್ಲಿ ದಿವಾನಗಿರಿ ಬಿಟ್ಟರು. ಈ ಒಂದು ವಿಷಯದಲ್ಲಿ ಮಹಾರಾಜರದ್ದೇ ಸರಿ ಎಂದು ಒಕ್ಕಲು ಮಗನಾದ ನನ್ನ ಅಭಿಪ್ರಾಯ. ಶಾಲೆ ಮತ್ತು ಮೀಸಲಾತಿ ಎರಡೂ ಸೇರಿಯೇ ನಮ್ಮಂಥವರ ಮಕ್ಕಳು ಕಚೇರಿಯ ಕುರ್ಚಿ ಕಂಡದ್ದು.

ಅಧಿಕಾರ ಬಿಟ್ಟ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಎತ್ತಿ ನಿಲ್ಲಿಸಿದರು. ಹುಡುಗರು ಕೈಕೆಲಸ ಕಲಿಯಲಿ ಎಂದು 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಸಂಸ್ಥೆ ಆಗಲು ಕಾರಣರಾದರು. ನಮ್ಮ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಅವರು ಇವರಿಗೆ ಬಹಳ ಹತ್ತಿರದವರಾಗಿದ್ದರು. 1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ತುಂಬಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಸಮಾಧಿ ಹುಟ್ಟೂರು ಮುದ್ದೇನಹಳ್ಳಿಯಲ್ಲೇ ಇದೆ.

ಅವರು ಹೋದ ಮೇಲೆ ಊರ ಶಾಲೆ ಯಾರ ಕೈಯಲ್ಲಿತ್ತು ಎಂಬುದನ್ನೂ ನೋಡಬೇಕು. 1930ರ ಕಾಯಿದೆಯಿಂದ ಪ್ರಾಥಮಿಕ ಶಾಲೆಗಳು ಸ್ಥಳೀಯ ವಿದ್ಯಾ ಸಂಸ್ಥೆಗಳ ಕೈಗೆ ಬಂದವು. 1941ರಲ್ಲಿ ಸರ್ಕಾರ ವಾಪಸ್ಸು ತಗೊಂಡಿತು. ಆಮೇಲೆ ಬಹಳ ವರ್ಷ ಶಾಲೆ ಅಂದರೆ ಸರ್ಕಾರದ್ದು, ನಮಗೇನು ಎಂಬ ಭಾವನೆ ಬೆಳೆಯಿತು. 2001ರಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್.ಡಿ.ಎಂ.ಸಿ. ಬಂದು ಶಾಲೆ ಮತ್ತೆ ಊರಿನ ಕಡೆ ತಿರುಗಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಜನ ತಂದೆ ತಾಯಂದಿರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಶಾಲೆಗೆ ಬಂದ ಅನುದಾನ, ಬಿಸಿಯೂಟ, ಮಕ್ಕಳ ಹಾಜರಿ, ಮೇಷ್ಟ್ರುಗಳು ಬಂದರೋ ಇಲ್ಲವೋ, ಎಲ್ಲವನ್ನೂ ನೋಡುವ ಹಕ್ಕು ಈ ಸಮಿತಿಗೆ ಇದೆ.

ಬಂಧುಗಳೇ, ಈಗ ನಮ್ಮ ವಿಷಯಕ್ಕೆ ಬರೋಣ. ಹಾಲಿನ ಫ್ಯಾಟು ಎರಡು ಪಾಯಿಂಟು ಕಮ್ಮಿ ಬಂದರೆ ನಾವು ಡೈರಿ ಬಾಗಿಲಲ್ಲೇ ಕಾರ್ಯದರ್ಶಿಯನ್ನು ನಿಲ್ಲಿಸಿ ಕೇಳುತ್ತೇವೆ. ಹದಿನೈದು ದಿನದ ಬಟವಾಡೆ ಒಂದು ದಿನ ತಡವಾದರೆ ಗಲಾಟೆ ಮಾಡುತ್ತೇವೆ. ಅದು ತಪ್ಪಲ್ಲ, ಸಂಘ ನಮ್ಮದು. ಆದರೆ ಮಗ ಮೂರನೇ ಕ್ಲಾಸಿಗೆ ಬಂದರೂ ಓದಕ್ಕೆ ಬರಲ್ಲ ಅಂದರೆ ಶಾಲೆಗೆ ಹೋಗಿ ಕೇಳೋರು ಎಷ್ಟು ಜನ? ಎಸ್.ಡಿ.ಎಂ.ಸಿ. ಸಭೆ ಅಂದರೆ ಸಹಿ ಪುಸ್ತಕ ಮನೆ ಬಾಗಿಲಿಗೆ ಬರಲಿ ಅಂತೀವಿ. ಅನುಕೂಲ ಇದ್ದವರು ಮಕ್ಕಳನ್ನು ಬೆಳಿಗ್ಗೆ ಬಸ್ಸು ಹತ್ತಿಸಿ ಪಟ್ಟಣದ ಶಾಲೆಗೆ ಕಳಿಸುತ್ತಾರೆ, ನಾನೂ ಒಬ್ಬ ಮಗನನ್ನು ಹಾಗೇ ಕಳಿಸಿದವನು, ಮುಚ್ಚಿಡುವುದಿಲ್ಲ. ಹೀಗೆ ಮಕ್ಕಳ ಸಂಖ್ಯೆ ಇಳಿದರೆ ಮೇಷ್ಟ್ರುಗಳನ್ನು ಹೆಚ್ಚುವರಿ ಅಂತ ಬೇರೆ ಕಡೆ ಹಾಕುತ್ತಾರೆ. ಮೇಷ್ಟ್ರು ಕಮ್ಮಿಯಾದರೆ ಇನ್ನಷ್ಟು ಮಕ್ಕಳು ಬಿಡುತ್ತಾರೆ. ಕೊನೆಗೆ ಉಳಿಯುವುದು ಬಸ್ಸಿನ ದುಡ್ಡು ಕೊಡಲಾರದ ಕೂಲಿಯವರ ಮಕ್ಕಳು. ಶಾಲೆ ಮುಚ್ಚಿದರೆ ಬೀದಿಗೆ ಬೀಳುವವರು ಅವರೇ.

2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆ ಮಕ್ಕಳಿಗೆ ಹಾಲು ಸಿಗುತ್ತಿದೆ. ನಾವು ಸಂಘಕ್ಕೆ ಹಾಕುವ ಹಾಲು ಒಕ್ಕೂಟಕ್ಕೆ ಹೋಗಿ, ಪುಡಿಯಾಗಿ, ಇಂಥ ಶಾಲೆಗಳಿಗೇ ಬರುತ್ತದೆ. ಹಾಲು ಹೋದ ಕಡೆ ನಮ್ಮ ಕಣ್ಣೂ ಹೋಗಬೇಕು. ನಮ್ಮ ಆವನಿ, ವಾಲ್ಮೀಕಿ ಋಷಿಗಳು ಲವ ಕುಶರಿಗೆ ವಿದ್ಯೆ ಹೇಳಿಕೊಟ್ಟ ಜಾಗ ಎಂದು ನಾವೆಲ್ಲ ನಂಬಿರುವ ಕ್ಷೇತ್ರ. ಇಂಥ ನೆಲದಲ್ಲಿ ಒಂದು ಶಾಲೆಗೂ ಬೀಗ ಬೀಳಬಾರದು.

ಆದ್ದರಿಂದ ನನ್ನ ಮನವಿ ಎರಡು. ಸಂಘದ ವಾರ್ಷಿಕ ಮಹಾಸಭೆಗೆ ಬರುವ ಹಾಗೆ ಶಾಲೆಯ ಸಭೆಗೂ ಬನ್ನಿ, ಲೆಕ್ಕ ಕೇಳಿ, ಮಗುವಿನ ಕೈಲಿ ಒಂದು ಪುಟ ಓದಿಸಿ ನೋಡಿ. ಎರಡನೆಯದು, ನಮ್ಮ ಸಂಘದ ಲಾಭದಲ್ಲಿ ಕಾಯಿದೆ ಒಪ್ಪುವಷ್ಟನ್ನು ಪ್ರತಿ ವರ್ಷ ಊರ ಶಾಲೆಗೆ ಕೊಡೋಣ. ಇದನ್ನು ಮುಂದಿನ ಮಹಾಸಭೆಯಲ್ಲಿ ನಾನೇ ಮಂಡಿಸುತ್ತೇನೆ, ತಾವು ಕೈ ಎತ್ತಬೇಕು. ಮುದ್ದೇನಹಳ್ಳಿಯ ಆ ಹಿರಿಯರಿಗೆ ಹಾರ ಹಾಕುವುದಕ್ಕಿಂತ ಇದು ಮೇಲು.