ಮೆಲ್ಬರ್ನ್‌ನ ನಾಲ್ಕನೇ ಸ್ಥಾನವೋ, ರೋಮ್‌ನ ಸೋಲೋ? ರಹೀಮ್ ಸಾಬ್ ಸಾಧನೆಯ ನಿಜವಾದ ತೂಕ

ಭಾರತೀಯ ಫುಟ್‌ಬಾಲ್‌ನ ಶ್ರೇಷ್ಠ ಕೋಚ್ ಎಂದೊಡನೆ ನೆನಪಾಗುವುದು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ವೃತ್ತಿಯಲ್ಲಿ ಶಾಲಾ ಮೇಷ್ಟ್ರು. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು.

1951ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 1-10ರ ಹೀನಾಯ ಸೋಲು.

ಎಲ್ಲರೂ ಹೊಗಳುವುದು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನವನ್ನು. ಆದರೆ ಅಲ್ಲಿ ಹಂಗೇರಿ ಹಿಂದೆ ಸರಿದಿದ್ದರಿಂದ ಮೊದಲ ಸುತ್ತು ಆಡದೆಯೇ ದಾಟಿತ್ತು. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಬಾರಿಸಿದ ಆಸ್ಟ್ರೇಲಿಯಾ ವಿರುದ್ಧದ 4-2 ಒಂದೇ ಗೆಲುವು; ಮುಂದಿನ ಎರಡೂ ಪಂದ್ಯಗಳಲ್ಲಿ ಸೋಲು.

1960ರ ರೋಮ್‌ನಲ್ಲಿ ಒಂದೂ ಗೆಲುವಿಲ್ಲ, ಗುಂಪು ಹಂತದಲ್ಲೇ ನಿರ್ಗಮನ. ಆದರೂ ತೂಕ ಅದಕ್ಕೇ ಹೆಚ್ಚು. ಬಲಿಷ್ಠ ಹಂಗೇರಿಗೆ ಸೋತದ್ದು 1-2ರಿಂದ ಮಾತ್ರ, ಫ್ರಾನ್ಸ್ ಜೊತೆ 1-1ರ ಸಮಬಲ. ಎಂಟೇ ವರ್ಷಗಳ ಹಿಂದೆ ಹತ್ತು ಗೋಲು ಬಿಟ್ಟುಕೊಟ್ಟಿದ್ದ ದೇಶವಿದು!

1962ರ ಜಕಾರ್ತಾ ಏಷ್ಯನ್ ಗೇಮ್ಸ್ ಹೊತ್ತಿಗೆ ರಹೀಮ್ ಅವರನ್ನು ಕ್ಯಾನ್ಸರ್ ಕಾಡುತ್ತಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಕ್ಕೆ 0-2ರಿಂದ ಸೋಲು. ತಲೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ರಹೀಮ್ ಮುನ್ಪಡೆಗೆ ತಂದರು. ಫೈನಲ್‌ನಲ್ಲಿ ಅದೇ ಕೊರಿಯಾ ವಿರುದ್ಧ ಪಿ.ಕೆ. ಬ್ಯಾನರ್ಜಿ, ಜರ್ನೈಲ್ ಒಂದೊಂದು ಗೋಲು ಹೊಡೆದರು: 2-1.

ಒಂಬತ್ತು ತಿಂಗಳ ಬಳಿಕ, 1963ರ ಜೂನ್ 11ರಂದು ರಹೀಮ್ ತೀರಿಕೊಂಡರು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಆಮೇಲೆ ಚಿನ್ನ ಬಂದಿಲ್ಲ.